ಕವಡೆಗೆ ಬೀಳದ ಕಂದಕ

ನನ್ನ ಹೆಂಡತಿ ಡಯಾಲಿಸಿಸ್ ಬಿಟ್ಟು ತೀರಿಕೊಂಡಳು. ಬಿಟ್ಟದ್ದು ಅವಳದೇ ನಿರ್ಧಾರ ಎಂದು ಮಗ ತಿಳಿದಿದ್ದಾನೆ, ಬೀಗರು ತಿಳಿದಿದ್ದಾರೆ, ಭಾಲ್ಕಿಯ ನಮ್ಮ ಓಣಿಯೂ ತಿಳಿದಿದೆ. "ಗಟ್ಟಿ ಹೆಣ್ಮಗಳು, ಯಾರ ಮಾತೂ ಕೇಳಲಿಲ್ಲ" ಎನ್ನುತ್ತಾರೆ. ಆ ಮಾತು ಬಂದಾಗೆಲ್ಲ ನಾನು ನೆಲ ನೋಡುತ್ತೇನೆ. ಅವಳು ನಿರ್ಧಾರವನ್ನು ಒಂದು ಆಟದ ಮೇಲೆ ಇಟ್ಟಿದ್ದಳು. ಆ ಆಟ ಆಡಿದವನು ನಾನು.

ನಾನು ಹತ್ತನೆಯ ಇಯತ್ತೆ ಪಾಸಾದವನು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅವಳು ಔರಾದ ಕಡೆಯ ಎಕಂಬಾದವಳು, ಕುರಿ ಸಾಕುವ ಮನೆಯ ಮಗಳು. ಮೂತ್ರಪಿಂಡ ಕೆಟ್ಟಮೇಲೆ ವಾರಕ್ಕೆ ಮೂರು ಸಲ ಬೀದರಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕಾಯಿತು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರು. ಊರಿಗೆಲ್ಲ ನೀರು ಬಿಟ್ಟವನಿಗೆ ಮನೆಯಲ್ಲಿ ಅವಳ ಲೋಟ ಅಳೆಯುವ ಕೆಲಸ ಬಿತ್ತು. ಬೇಸಿಗೆಯಲ್ಲಿ ಅವಳು ಒದ್ದೆ ಬಟ್ಟೆಯನ್ನು ತುಟಿಗೆ ಹಚ್ಚಿಕೊಂಡು ಕೂಡುತ್ತಿದ್ದಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನಾನು ಆ ಕಡೆ ನೋಡುತ್ತಿರಲಿಲ್ಲ.

ಮಷಿನ್ನಿಗೆ ಹಾಕಿದರೆ ನಾಲ್ಕು ತಾಸು. ಒಳಗೆ ನಮ್ಮನ್ನು ಬಿಡುತ್ತಿರಲಿಲ್ಲ. ಹೊರಗಿನ ವರಾಂಡದಲ್ಲಿ ಕಬ್ಬಿಣದ ಕುರ್ಚಿಗಳು, ಗೋಡೆಗೆ ಹತ್ತಿದ ಒಂದು ಕಲ್ಲಿನ ಕಟ್ಟೆ. ಜೊತೆಗೆ ಬಂದವರು ಕೆಲವರು ಮೊಬೈಲ್ ನೋಡುತ್ತಿದ್ದರು, ಕೆಲವರು ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಭಾತಂಬ್ರಾದ ಒಬ್ಬ ಮಾತ್ರ ಆ ಕಟ್ಟೆಯ ಮೇಲೆ ಒಂದು ನಕಾಶೆ ಹಾಸಿಕೊಂಡು ಅದರ ಮೇಲೆ ರಟ್ಟಿನ ತುಣುಕು ಸರಿಸುತ್ತ ಕೂಡುತ್ತಿದ್ದ. ಫೌಜಿನಲ್ಲಿದ್ದು ಬಂದವನು. ತನ್ನ ಅಣ್ಣನನ್ನು ಡಯಾಲಿಸಿಸ್‌ಗೆ ಕರೆತರುತ್ತಿದ್ದ.

"ಯಾರ ಜೋಡಿ ಆಡ್ಲತ್ತೀರಿ?" ಎಂದು ಒಂದು ದಿನ ಕೇಳಿದೆ.

"ಯಾರ ಜೋಡಿನೂ ಇಲ್ರಿ ಕಾಕಾ. ಒಬ್ಬನೇ."

"ಒಬ್ಬನೇ ಆಡಿದ್ರ ಸೋಲೋರು ಯಾರು?"

"ಅದೇ ನೋಡ್ರಿ ಮಜಾ. ನಾನೇ ಸೋಲ್ತೀನಿ."

ಪಕ್ಕಕ್ಕೆ ಸರಿದು ಜಾಗ ಕೊಟ್ಟ. ನಕಾಶೆಯಲ್ಲಿ ಒಂದು ಗುಡ್ಡ. ಗುಡ್ಡದ ಮೈಗೆ ಒಂದರ ಮೇಲೊಂದು ಮೂರು ಕಂದಕ. ಅವುಗಳ ಒಳಗೆ ವೈರಿ ಕುಳಿತಿದ್ದಾನೆ. ಅವನ ತುಣುಕುಗಳೆಲ್ಲ ಮುಖ ಕೆಳಗಾಗಿ ಬಿದ್ದಿರುತ್ತವೆ. ಕೆಳಗಿನಿಂದ ನಮ್ಮ ನೀಲಿ ತುಕಡಿಗಳು ಹತ್ತಬೇಕು. ಹತ್ತಿರ ಹೋದಾಗ ವೈರಿಯ ತುಣುಕು ತಿರುವಿ ದಾಳ ಎಸೆಯಬೇಕು. ಎರಡು, ಮೂರು, ನಾಲ್ಕು ಬಿದ್ದರೆ ಅವನ ಗುಂಡು ತಾಗಿತು, ನಮ್ಮದೊಂದು ತುಕಡಿ ಹೋಯಿತು. ಉಳಿದವರು ಕಂದಕಕ್ಕೆ ಧುಮುಕಲು ಮತ್ತೆ ಎಸೆಯಬೇಕು. ಮೊದಲನೆಯದಕ್ಕೆ ನಾಲ್ಕು ಅಥವಾ ಮೇಲೆ, ಎರಡನೆಯದಕ್ಕೆ ಐದು ಅಥವಾ ಮೇಲೆ. ಮೂರನೆಯದಕ್ಕೆ ಆರೇ ಬೀಳಬೇಕು. ಎಂಟು ಸುತ್ತಿನಲ್ಲಿ ಹೊತ್ತು ಮುಳುಗಿತೆಂದು ಲೆಕ್ಕ. ಅಷ್ಟರೊಳಗೆ ಮೇಲಿನ ಕಂದಕ ಹಿಡಿಯದಿದ್ದರೆ ಸೋತ ಹಾಗೆ.

"ಎದುರಿನ ಕಡಿ ಆಡ್ಲಿಕ್ಕಿ ಯಾರೂ ಬ್ಯಾಡೇನು?"

"ಯಾಕ ಬೇಕ್ರಿ? ಅವರು ಕುಂತಲ್ಲೇ ಕುಂತಿರ್ತಾರ. ಏಳಬೇಕಾದವರು ನಾವು."

ಅವನ ಅಣ್ಣ ಆ ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡ. ಆಮೇಲೆ ಯಾವುದೋ ಕಾಗದಕ್ಕೆ ದವಾಖಾನೆಗೆ ಬಂದವನು ಆ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟ. "ನನಗಿನ್ನ ಇಲ್ಲಿ ಕುಂದ್ರೋ ಕೆಲಸ ಇಲ್ರಿ ಕಾಕಾ. ನೀವು ಆಡ್ರಿ."

"ದಾಳ ಎಲ್ಲದ?"

"ಕುರ್ಚಿ ಬುಡಕ ಎಲ್ಲೋ ಉಳ್ಳಿ ಹೋಗ್ಯದ್ರಿ. ಆರರ ತನಕ ಅಂಕಿ ಬೀಳೋದು ಏನಿದ್ರೂ ನಡೀತದ."

ನಡೆಯುವುದಿಲ್ಲ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನನ್ನ ಹೆಂಡತಿಯ ಹತ್ತಿರ ತವರಿನಿಂದ ತಂದ ಒಂದು ಕವಡೆಯ ಚೀಲವಿತ್ತು. ಅದರಿಂದ ಆರು ಕವಡೆ ಆರಿಸಿ ಕೊಟ್ಟಳು. ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಅಂಕಿ. ಒಂದೂ ಬೀಳದಿದ್ದರೆ ಮತ್ತೆ ಎಸೆಯುವುದು. ನಾವು ಚಿಕ್ಕಂದಿನಿಂದ ಎಲ್ಲ ಆಟವನ್ನೂ ಹೀಗೆಯೇ ಆಡಿದವರು. ಅಂಗಡಿಯ ದಾಳ ಹುಡುಕಿಕೊಂಡು ಹೋಗಬೇಕೆಂದು ಅನಿಸಲೇ ಇಲ್ಲ.

ಹಾಗೆ ಶುರುವಾಯಿತು. ಅವಳು ಒಳಗೆ ಮಷಿನ್ನಿಗೆ, ನಾನು ಹೊರಗೆ ಕಟ್ಟೆಗೆ. ಎಡಗಡೆಯಿಂದ ಹತ್ತಿಸಿ ನೋಡಿದೆ, ಬಲಗಡೆಯಿಂದ ಹತ್ತಿಸಿ ನೋಡಿದೆ. ಎಲ್ಲರನ್ನೂ ಒಮ್ಮೆಲೇ ನುಗ್ಗಿಸಿದೆ. ಇಬ್ಬರನ್ನು ಮುಂದೆ ಬಿಟ್ಟು ಉಳಿದವರನ್ನು ಹಿಂದೆ ಅಡಗಿಸಿದೆ. ಮೊದಲ ಕಂದಕ ಆಗಾಗ ಬೀಳುತ್ತಿತ್ತು. ಎರಡನೆಯದು ಎಂದೋ ಒಮ್ಮೆ. ಮೂರನೆಯದರ ಕೆಳಗೆ ನನ್ನ ನೀಲಿ ತುಣುಕುಗಳು ಒಂದೊಂದಾಗಿ ಪೆಟ್ಟಿಗೆಗೆ ಮರಳುತ್ತಿದ್ದವು. ಇದು ರಟ್ಟು ಎಂದು ಗೊತ್ತಿದ್ದರೂ ಅವುಗಳನ್ನು ಎತ್ತಿ ಇಡುವಾಗ ಬೆರಳು ಹಿಂಜರಿಯುತ್ತಿತ್ತು. ನನಗೆ ಬುದ್ಧಿ ಸಾಲದು, ಫೌಜಿನವನಾದರೆ ಹಿಡಿಯುತ್ತಿದ್ದ ಎಂದುಕೊಳ್ಳುತ್ತಿದ್ದೆ.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

"ಏನ್ರಿ, ಇವತ್ತರೆ ಹತ್ತಿದ್ರೇನು ನಿಮ್ಮ ಮಂದಿ?"

"ಎರಡನೇದರ ತನಕ."

"ಉಳಿದೋರೆಷ್ಟು?"

"ಯಾರೂ ಇಲ್ಲ."

"ಹಂಗಾದ್ರ ನಾಡಿದ್ದ ಯಾರು ಹೋಗೋರು?"

"ಅವರೇ ಮತ್ತ."

ಅವಳು ನಕ್ಕಳು. "ನನ್ನಂಗ ಅನ್ರಿ. ಸಾಯೋದು, ಏಳೋದು, ಮತ್ತ ಅದೇ ಮಷಿನ್ನಿಗಿ ಹೋಗೋದು."

ನಗುವಿಗೆ ನಾನೂ ನಕ್ಕೆ. ಅವಳ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂಡುತ್ತಿದ್ದಳು. ಮನೆಗೆ ಬಂದಮೇಲೆ ಕಾಲಿನ ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಮೈ ತುರಿಕೆ. ನನ್ನ ಕೈಗೆ ಬಾಚಣಿಗೆ ಕೊಟ್ಟು ಬೆನ್ನು ಕೆರೆಯಲು ಹೇಳುತ್ತಿದ್ದಳು. ಗಾಯ ಆಗದ ಹಾಗೆ ಎಷ್ಟು ಜೋರಾಗಿ ಕೆರೆಯಬೇಕೋ ನನಗೆ ಕಡೆಯವರೆಗೂ ತಿಳಿಯಲಿಲ್ಲ.

ಒಂದು ಶುಕ್ರವಾರ ಕವಡೆ ಮನೆಯಲ್ಲೇ ಮರೆತು ಹೋಗಿದ್ದೆ. ಕೈ ಸುಮ್ಮನಿರಲಿಲ್ಲ. ದವಾಖಾನೆಯ ಎದುರಿನ ಸ್ಟೇಷನರಿ ಅಂಗಡಿಗೆ ಹೋಗಿ ಒಂದು ಲೂಡೊ ದಾಳ ತೆಗೆದುಕೊಂಡೆ. ಬಂದು ಆಡಿದೆ. ಮೊದಲ ಕಂದಕ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದರ ಎದುರು ತುಕಡಿಗಳು ಇನ್ನೂ ಉಳಿದಿದ್ದವು. ಒಂದು ಎಸೆತ, ಎರಡು, ಆಮೇಲೆ ಆರು ಬಿತ್ತು. ಕಟ್ಟೆಯ ಮೇಲೆ ಒಬ್ಬನೇ "ಆಯ್ತು!" ಎಂದುಬಿಟ್ಟೆ. ನಿದ್ದೆಯಲ್ಲಿದ್ದ ಒಬ್ಬ ಕಣ್ಣು ತೆರೆದು, ಒಳಗೆ ತನ್ನವರಿಗೇನಾಯಿತೋ ಎಂದು ಬಾಗಿಲ ಕಡೆ ಓಡಿದ. ಅವನಿಗೆ ಕೈ ಮುಗಿದು ಮತ್ತೆ ಆಡಿದೆ. ಮತ್ತೆ ಹಿಡಿದೆ. ಆಮೇಲಿನ ಆಟ ಸೋತೆ, ಅದರ ಮುಂದಿನದು ಮತ್ತೆ ಗೆದ್ದೆ.

ಆಗ ತಿಳಿಯಿತು. ದಾಳಕ್ಕೆ ಎಲ್ಲ ಮುಖವೂ ಒಂದೇ. ಒಂದು ಎಷ್ಟು ಸಲ ಬೀಳುತ್ತದೋ ಆರೂ ಅಷ್ಟೇ ಸಲ ಬೀಳುತ್ತದೆ. ಕವಡೆಗೆ ಹಾಗಲ್ಲ. ಆರು ಬೀಳಬೇಕಾದರೆ ಆರೂ ಕವಡೆ ಒಟ್ಟಿಗೆ ಬಾಯಿ ಮೇಲಾಗಬೇಕು. ಅರ್ಧ ಮೇಲೆ, ಅರ್ಧ ಕೆಳಗೆ ಬೀಳುವುದೇ ಹೆಚ್ಚು. ಎರಡು, ಮೂರು, ನಾಲ್ಕು. ಅಂದರೆ ವೈರಿಗೆ ಬೇಕಾದ ಅಂಕಿಗಳೇ. ಇಷ್ಟು ದಿನ ನಾನು ಬೀಳದ ಕಂದಕಕ್ಕೆ ಮಂದಿಯನ್ನು ಹತ್ತಿಸುತ್ತಿದ್ದೆ. ಆ ಹೊತ್ತಿಗೆ ನನಗೆ ನಗು ಬಂತು. ಬಸ್ಸಿನಲ್ಲಿ ಇದನ್ನೇ ಅವಳಿಗೆ ಹೇಳಿ ನಗಿಸಬೇಕೆಂದು ದಾಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಬಸ್ಸು ಬೀದರಿನ ಅಂಚಿನ ನೌಬಾದ ದಾಟಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಏನ್ರಿ, ನಾ ಇನ್ನ ಬರಾಂಗಿಲ್ಲ."

"ಎಲ್ಲಿಗಿ?"

"ಇಲ್ಲಿಗಿ. ಸಾಕಾಗ್ಯದ."

ಜೇಬಿನಲ್ಲಿದ್ದದ್ದು ಜೇಬಿನಲ್ಲೇ ಉಳಿಯಿತು.

ಶನಿವಾರ ಎಲ್ಲರೂ ಸೇರಿದರು. ಭಾಲ್ಕಿಯಲ್ಲೇ ಮೋಟರ್ ವೈಂಡಿಂಗ್ ಅಂಗಡಿ ಇರುವ ಮಗ ಅಂಗಡಿ ಮುಚ್ಚಿ ಬಂದ. ಔರಾದಿನಲ್ಲಿ ಸಾಲಿ ಟೀಚರ್ ಆಗಿರುವ ಮಗಳು ಬಸ್ ಹತ್ತಿ ಬಂದಳು. ಎಕಂಬಾದಿಂದ ನನ್ನ ಹೆಂಡತಿಯ ತಮ್ಮನೂ ಬಂದ. ಬಿಡಕೂಡದು ಎಂದು ಮಗ ಸಿಟ್ಟಿನಿಂದ ಹೇಳಿದ. ಮಗಳು ಅತ್ತಳು. ಸೊಸೆ ಕಾಲು ಹಿಡಿದುಕೊಂಡು, "ಅತ್ತಿ, ನಾ ನಿಮ್ಮ ಜೋಡಿ ಬರ್ತೀನಿ, ಮಾವಾರು ಮನ್ಯಾಗಿರ್ಲಿ" ಎಂದಳು.

"ನೀ ಬಂದ್ರ ನನ್ನ ಕೈಯಾಗ ಚುಚ್ಚೋದು ಬಿಡ್ತಾರೇನವಾ?"

"ಅಕ್ಕಾ, ಬಿಟ್ಟ್ರ ಏನಾಗ್ತದ ಗೊತ್ತದೇನು?" ಎಂದ ತಮ್ಮ.

"ಗೊತ್ತದೋ. ನನಗಿಂತ ಚಂದ ಯಾರಿಗಿ ಗೊತ್ತದ? ನನ್ನ ಮಗ್ಗಲ ಮಂಚದಾಗ ಇದ್ದೋರೆಲ್ಲ ಹೋಗ್ಯಾರ."

ಎಲ್ಲರೂ ನನ್ನ ಕಡೆ ನೋಡಿದರು, ನಾನು ಗಂಡ, ನನ್ನ ಮಾತಿಗಾದರೂ ಬೆಲೆ ಇರಬೇಕು ಎಂದು. ನನ್ನ ಬಾಯಿಗೆ ಬಂದದ್ದು "ಹ್ಯಾಂಗ ಮಾಡ್ತಿ ನೋಡು" ಎಂಬ ಒಂದೇ ಮಾತು.

ಭಾನುವಾರ ಊಟವಾದ ಮೇಲೆ ಅವಳೇ ಒಂದು ದಾರಿ ತೆಗೆದಳು. ಅವಳ ತವರಿನಲ್ಲಿ ಸುಗ್ಗಿ ಮುಗಿದಮೇಲೆ ಕುರಿಯ ಮಂದೆಯನ್ನು ಯಾವ ದಿಕ್ಕಿಗೆ ಹೊರಡಿಸಬೇಕೆಂದು ಹಿರಿಯರಲ್ಲಿ ಒಮ್ಮತ ಆಗದಿದ್ದರೆ ಕಂಬಳಿ ಹಾಸಿ ಕವಡೆ ಹಾಕುತ್ತಿದ್ದರು. ಬಿದ್ದ ಕವಡೆಗೆ ಎದುರು ಮಾತಿಲ್ಲ. ಸೋತವನು ತನ್ನ ಕೋಲು ಎತ್ತಿಕೊಂಡು ಗೆದ್ದವನ ಹಿಂದೆ ನಡೆಯಬೇಕು, ದಾರಿಯಲ್ಲಿ ಗೊಣಗುವ ಹಾಗಿಲ್ಲ.

"ನಿಮ್ಮಪ್ಪನ ಆಟ ಹಾಸ್ರಿ" ಎಂದಳು ಮಕ್ಕಳಿಗೆ. "ಅವರ ಮಂದಿ ಮ್ಯಾಲ ಹತ್ತಿದ್ರ ನಾ ನಾಳಿಗಿ ಬೀದರಕ್ಕ ಬರ್ತೀನಿ. ಇರೋ ತನಕ ಬರ್ತೀನಿ, ಬ್ಯಾಡ ಅನ್ನಲ್ಲ. ಹತ್ತಲಿಲ್ಲಂದ್ರ ಯಾರೂ ತುಟಿ ಬಿಚ್ಚಬಾರದು."

"ಇದೇನವ್ವಾ, ಜೀವದ ಮಾತಿಗಿ ಆಟ ಏನು?" ಎಂದ ಮಗ.

ಅವಳ ತಮ್ಮ ಅವನ ಮೊಣಕೈ ಹಿಡಿದ. "ಆಕಿ ಇಷ್ಟರೆ ಒಪ್ಪ್ಯಾಳ. ಕವಡಿ ಹಾಕಿದ ಮ್ಯಾಲ ಆಕಿ ಮಾತು ತಪ್ಪಂಗಿಲ್ಲ. ಹಾಕ್ಲಿ ಬಿಡು." ಮಗಳು ನನ್ನ ಪಕ್ಕ ಬಂದು ಮೆಲ್ಲಗೆ, "ಅಪ್ಪಾ, ಇದರಾಗ ಗೆಲ್ಲಲಿಕ್ಕಿ ಆಗ್ತದಲ್ರಿ?" ಎಂದಳು.

"ನೋಡೋಣವಾ" ಎಂದೆ.

ಈ ಒಂದು ಗಳಿಗೆಯ ಸಲುವಾಗಿಯೇ ನಾನು ಇದನ್ನು ಬರೆಯುತ್ತಿರುವುದು. ಮಂಚದ ಮೇಲೆ ನಕಾಶೆ ಹಾಸಿದ್ದಾಯಿತು. ಅವಳು ಚೀಲದಿಂದ ಆರು ಕವಡೆ ತೆಗೆದು ನನ್ನ ಮುಂದೆ ಹಿಡಿದಳು. ನನ್ನ ಜೇಬಿನಲ್ಲಿ ದಾಳವಿತ್ತು. "ಈ ಆಟ ಕವಡಿದಲ್ಲ, ದಾಳದ್ದು" ಎಂದರೆ ಸಾಕಿತ್ತು. ಸುಳ್ಳಲ್ಲ, ಆಟದ ನಿಯಮವೇ ಅದು. ಯಾರೂ ತಕರಾರು ಮಾಡುತ್ತಿರಲಿಲ್ಲ. ಗೆದ್ದೇ ಗೆಲ್ಲುತ್ತಿದ್ದೆ ಎನ್ನಲಾರೆ, ಆದರೆ ಗೆಲ್ಲುವ ದಾರಿಯಾದರೂ ಇತ್ತು. ನಾನು ಕೈ ಚಾಚಿ ಕವಡೆ ತೆಗೆದುಕೊಂಡೆ.

ಅವಳ ಸಂಕಟ ನೋಡಲಾರದೆ ಹಾಗೆ ಮಾಡಿದೆ ಎಂದು ಹೇಳಬಹುದು. ಅದು ಪೂರ್ತಿ ಸುಳ್ಳಲ್ಲ. ಆದರೆ ನಾನೂ ದಣಿದಿದ್ದೆ. ನಸುಕಿನ ಬಸ್ಸು, ಕಬ್ಬಿಣದ ಕುರ್ಚಿ, ಮರಳಿ ಬಂದಮೇಲೆ ಬಾಚಣಿಗೆ, ಅಳೆದ ಲೋಟ. ಅವಳು ಸಾಕಾಗಿದೆ ಎಂದದ್ದನ್ನು ಕೇಳಿದಾಗ ನನ್ನೊಳಗೂ ಯಾರೋ ಚೀಲ ಇಳಿಸಿದ ಹಾಗೆ ಆಗಿತ್ತು. ಎಷ್ಟು ಪಾಲು ಅವಳ ಸಲುವಾಗಿ, ಎಷ್ಟು ಪಾಲು ನನ್ನ ಸಲುವಾಗಿ ಎಂದು ಬೇರೆ ಮಾಡಿ ನೋಡಲು ಬಹಳ ಸಲ ಕುಳಿತಿದ್ದೇನೆ. ಬೇರೆಯಾಗುವುದಿಲ್ಲ.

ಆಟ ಶುರು ಮಾಡಿದೆ. ಬೇಕೆಂದು ಕೆಟ್ಟದಾಗಿ ಆಡಲಿಲ್ಲ. ಎಲ್ಲ ತುಕಡಿಗಳನ್ನೂ ಬಲಗಡೆಯ ಏರಿಗೆ ಸೇರಿಸಿದೆ. ಇಬ್ಬರು ಹೋದರು. ನಾಲ್ಕು ಬಿತ್ತು, ಮೊದಲ ಕಂದಕ ಹಿಡಿದೆವು. ಮಗಳು ಚಪ್ಪಾಳೆ ಹೊಡೆದಳು. ಎರಡನೆಯದರ ಕೆಳಗೆ ಮತ್ತಿಬ್ಬರು ಹೋದರು. ಆಮೇಲೆ ಐದು ಬಿತ್ತು. ಕವಡೆಗೆ ಐದು ಬೀಳುವುದೂ ಅಪರೂಪವೇ.

"ಏ, ಹತ್ಲತ್ತಾರಲ್ರಿ ನಿಮ್ಮ ಮಂದಿ!" ಎಂದಳು ನನ್ನ ಹೆಂಡತಿ. ಮುಂದಕ್ಕೆ ಬಾಗಿ ಕುಳಿತಳು. ಸೊಸೆಗೆ ಹೇಳಿದಳು, "ನಾಳಿಗಿ ಆ ಹಸರ ಸೀರಿ ತೆಗದಿಡವಾ, ಅದರ ರವಿಕಿ ತೋಳ ಸಡಲದ, ಸೂಜಿ ಹಾಕ್ಲಿಕ್ಕಿ ಬರ್ತದ."

ಹಾಸ್ಯಕ್ಕೆ ಅಂದಳೋ, ಬರುವ ಮನಸ್ಸು ಮಾಡಿ ಅಂದಳೋ. ಆ ಮಾತು ಕೇಳಿದ್ದೇ ತಡ, ಮೂರನೆಯ ಕಂದಕ ಬೀಳಬೇಕು ಎಂದು ನನಗೆ ಅನಿಸಿತು. ಅವಳು ನಾಳೆ ಆ ಸೀರೆ ಉಟ್ಟು ಕಿಟಕಿಯ ಪಕ್ಕ ಕೂಡಬೇಕು. ಅದಕ್ಕೆ ಬೇಕಾದದ್ದು ನನ್ನ ಜೇಬಿನಲ್ಲಿತ್ತು. ಆದರೆ ಕವಡೆ ಹಾಕಿ ಶುರುವಾದದ್ದನ್ನು ನಡುವೆ ಬದಲಿಸುವುದು ಹೇಗೆ? ಅವಳ ತಮ್ಮ ಕಂಬಳಿಯ ಮುಂದೆ ಕುಳಿತವನ ಹಾಗೆ ಚಕ್ಕಳಮಕ್ಕಳ ಹಾಕಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದರೆ, ನಾನೂ ದಣಿದಿದ್ದೆ ಎಂದು ಹೇಳಬೇಕಾಗುತ್ತಿತ್ತು. ಮತ್ತೆ ಕವಡೆಯನ್ನೇ ಎತ್ತಿದೆ.

ನಾಲ್ಕು. ಮೂರು. ವೈರಿಯ ಎಸೆತಕ್ಕೆ ಮೂರು, ಒಂದು ತುಕಡಿ ಹೋಯಿತು. ಮತ್ತೆ ನಮ್ಮದು, ಎರಡು. ಕೊನೆಯ ಸುತ್ತಿಗೆ ಒಂದೇ ತುಕಡಿ ಉಳಿದಿತ್ತು. "ಇದು ನನಗ ಕೊಡ್ರಿ" ಎಂದು ಅವಳೇ ಕೈ ಒಡ್ಡಿದಳು. ಉಬ್ಬಿದ ಆ ಕೈಯಲ್ಲಿ ಕುಲುಕಿ ಎಸೆದಳು. ನಾಲ್ಕು ಬಾಯಿ ಮೇಲಾಗಿ ಬಿದ್ದವು. ಐದನೆಯದು ಉರುಳಿ ಮೇಲಾಯಿತು. ಆರನೆಯದು ಗಿರಗಿರ ತಿರುಗಿ ಬೆನ್ನು ತೋರಿಸಿ ನಿಂತಿತು.

ಅವಳು ನನ್ನ ಮುಖ ನೋಡಿದಳು. "ಹತ್ತಲಿಲ್ಲ" ಎಂದೆ. ಅವಳು ಕವಡೆಗಳನ್ನು ಬಳಿದು ಚೀಲಕ್ಕೆ ಹಾಕಿದಳು. ಸೊಸೆಗೆ, "ಒಂದ್ ಚರಿಗಿ ನೀರು ಕೊಡು" ಎಂದಳು. ಸೊಸೆ ನನ್ನ ಮುಖ ನೋಡಿದಳು. ನಾನು ಕೊಡು ಎಂದು ತಲೆ ಆಡಿಸಿದೆ. ಚರಿಗೆ ಎತ್ತಿ, ಗಟಗಟ ಸಪ್ಪಳ ಕೇಳುವ ಹಾಗೆ, ಒಂದೇ ಉಸಿರಿನಲ್ಲಿ ಕುಡಿದಳು. ಗದ್ದದಿಂದ ಎದೆಗೆ ಸುರಿಯಿತು, ಒರೆಸಿಕೊಳ್ಳಲಿಲ್ಲ. ಅಷ್ಟು ಸುಖ ಅವಳ ಮುಖದಲ್ಲಿ ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಮಗಳು ಎದ್ದು ಹಿತ್ತಲಿಗೆ ಹೋದಳು.

ಒಂದೆರಡು ದಿನ ಚೆನ್ನಾಗಿಯೇ ಇದ್ದಳು. ಬೇಕಾದದ್ದು ತಿಂದಳು, ಬಾಗಿಲಲ್ಲಿ ಕುಳಿತು ಹೋಗಿ ಬರುವವರನ್ನು ಮಾತಾಡಿಸಿದಳು. ಆಮೇಲೆ ಕಾಲು ಬಾತವು, ಮುಖ ಬಾತಿತು. ಮಲಗಿದರೆ ಉಸಿರು ಸಿಗದೆ ದಿಂಬಿಗೆ ಒರಗಿ ಕೂಡತೊಡಗಿದಳು. ಒಂದು ಮಧ್ಯಾಹ್ನ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಎದೆಯೊಳಗೆ ನೀರು ಕುದಿಯುವ ಸಪ್ಪಳ.

"ನಡಿ, ಹೋಗೋಣು ಬೀದರಕ್ಕ. ಕವಡಿ ಬೆಂಕ್ಯಾಗ ಹಾಕು" ಎಂದೆ.

ಅವಳು ತಲೆ ಆಡಿಸಿದಳು. ಹೂಂ ಎಂದೋ ಬೇಡ ಎಂದೋ ತಿಳಿಯಲಿಲ್ಲ. ನಾನು ಹೂಂ ಎಂದೇ ಹಿಡಿದು ಮಗನನ್ನು ಕೂಗಿದೆ. ಕಾರು ತರಿಸಿದ. ಅವಳ ತಲೆ ನನ್ನ ಭುಜದ ಮೇಲಿತ್ತು. ದಾರಿಯುದ್ದಕ್ಕೂ ಅವಳ ಉಸಿರಿನ ಜೊತೆ ನಾನೂ ಉಸಿರು ಎಳೆಯುತ್ತಿದ್ದೆ, ನನ್ನದು ಅವಳಿಗೆ ಹೋಗುತ್ತದೆಯೋ ಎಂಬ ಹಾಗೆ. ನೌಬಾದ ಬರುವ ಮೊದಲೇ ನನ್ನ ಉಸಿರೊಂದೇ ಕೇಳಿಸಿತು. ಮಗನಿಗೆ ಹೇಳಲಿಲ್ಲ. ಅವನು ಹಾರ್ನ್ ಹೊಡೆಯುತ್ತಲೇ ದವಾಖಾನೆಯ ತನಕ ಓಡಿಸಿದ.

ಕ್ರಿಯಾಕರ್ಮ ಎಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಔರಾದಿಗೆ ಮಗಳ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ದಾಳದ ಸಂಗತಿ ಎಲ್ಲ ಹೇಳಿದೆ, ಜೇಬಿನಲ್ಲಿದ್ದದ್ದನ್ನೂ ಬಿಡದೆ. ಅವಳ ಕೈ ನಿಲ್ಲಲಿಲ್ಲ. ಕೈಯಲ್ಲಿದ್ದ ಕಟ್ಟು ಮುಗಿಸಿ ಕೇಳಿದಳು.

"ಅವ್ವ ಹುಟ್ಟಿದಾಗಿಂದ ಕವಡಿ ಆಡಿದಾಕಿ. ಆರಕ್ಕ ಆರು ಬೀಳೋದು ಎಷ್ಟು ಅಪರೂಪ ಅಂತ ಆಕಿಗಿ ಗೊತ್ತಿರಲಿಲ್ಲೇನ್ರಿ?"

"ಅದು ಗೊತ್ತಿತ್ತವಾ. ಮ್ಯಾಲಿನ ಕಂದಕಕ್ಕ ಆರೇ ಬೇಕು ಅಂತ ಗೊತ್ತಿರಲಿಲ್ಲ. ಅದನ್ನ ನಾ ಎಂದೂ ಹೇಳಿದ್ದಿಲ್ಲ."

"ಕಡೀಗಿ ಐದು ಬಿದ್ದಾಗ ಅವ್ವ ನಿಮ್ಮ ಮುಖ ನೋಡಿದಳು. ಗೆದ್ದೆವೇನೋ ಅಂತ."

"ಹೌದು."

"ನಾನೂ ನೋಡಿದೆ."

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಚಹಾ ಮಾಡಿ ತಂದಿಟ್ಟಳು. ನನಗೆ ಸಕ್ಕರೆ ಕಡಿಮೆ ಎಂದು ನೆನಪಿಟ್ಟು ಬೇರೆಯೇ ಮಾಡಿದ್ದಳು. ಬೈದಿದ್ದರೆ ಕುಡಿಯುತ್ತಿದ್ದೆ, ಆ ಚಹಾ ಬಟ್ಟಲಲ್ಲೇ ಆರಿತು. ಸಂಜೆಯ ಬಸ್ಸಿಗೆ ನನ್ನನ್ನು ಬಿಡಲು ಸ್ಟ್ಯಾಂಡಿನ ತನಕ ಬಂದಳು, ಸೀಟು ಹಿಡಿದು ಕೊಟ್ಟಳು, ಕಿಟಕಿಯ ಗಾಜು ಸರಿಸಿದಳು. ಬಸ್ಸು ಹೊರಡುವಾಗ ತಗ್ಗಿ ನನ್ನ ಕಾಲು ಮುಟ್ಟುವುದು ಅವಳ ರೂಢಿ. ಆ ದಿನ ಕೆಳಗೆ ನಿಂತು ಕಂಡಕ್ಟರಿಗೆ, "ಇವರಿಗಿ ಭಾಲ್ಕಿ ಬಂದಾಗ ಹೇಳ್ರಿ, ಮಲಗಿಬಿಡ್ತಾರ" ಎಂದಳು. ಆಮೇಲೆ ತಿರುಗಿ ನಡೆದಳು.